ಶಾಯಿ ಕಲೆಗೆ ಐನೂರು ರೂಪಾಯಿ ಕಡಿತ

ಒಂದು ಹಾಸಿಗೆಗೆ ನನಗೆ ಹನ್ನೆರಡು ಸಾವಿರ ರೂಪಾಯಿ ತಗಲಿತು. ಅದರಲ್ಲಿ ಹಾಸಿಗೆಯ ಬೆಲೆ ಎರಡೂವರೆ ಸಾವಿರ ಮಾತ್ರ. ಉಳಿದದ್ದು ನನ್ನ ಜಾಣತನದ ಬೆಲೆ. ಜಾಣತನ ಇಷ್ಟು ದುಬಾರಿ ಎಂದು ಮೊದಲೇ ಗೊತ್ತಿದ್ದರೆ ಅದರಲ್ಲೂ ಸ್ವಲ್ಪ ಚೌಕಾಸಿ ಮಾಡುತ್ತಿದ್ದೆ.

ಕಾಪು ಪೇಟೆಯಲ್ಲಿ ನನ್ನದು ಹಗ್ಗ, ಬಲೆ, ಟಾರ್ಪಾಲಿನ ಅಂಗಡಿ. ಯಾರದೋ ಜಗಲಿಯ ಮೂಲೆಯಲ್ಲಿ ನಾಲ್ಕು ಸುರುಳಿ ಹಗ್ಗ ಇಟ್ಟುಕೊಂಡು ಶುರು ಮಾಡಿದವನು ನಾನು. ಇಂಥ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಕುಳಿತವನಿಗೆ ಗಿರಾಕಿಗಳಿಗಿಂತ ಕ್ರಿಮಿಕೀಟಗಳ ಪರಿಚಯವೇ ಹೆಚ್ಚು. ಗೋಡೆಯ ಮೇಲೆ ಮಣ್ಣಿನ ಗೆರೆ ಎದ್ದರೆ ಅದು ಗೆದ್ದಲು. ಸುಮ್ಮನಿದ್ದರೆ ಮುಂದಿನ ವರ್ಷ ಬಾಗಿಲ ದಾರಂದಕ್ಕೆ ಬಣ್ಣ ಮಾತ್ರ ಉಳಿದಿರುತ್ತದೆ. ಅಕ್ಕಿಕಾಳಿನಂಥ ಕಪ್ಪು ಹಿಕ್ಕೆ ಬಲೆಯ ಕಟ್ಟಿನ ನಡುವೆ ಕಂಡರೆ ಇಲಿ. ಅದು ಬಲೆ ಕಡಿಯುವುದು ಹಾಗಿರಲಿ, ಅದರ ಮೂತ್ರ ಬೆರೆತ ನೀರಿನಲ್ಲಿ ಗಾಯದ ಕಾಲಿಟ್ಟರೆ ಇಲಿಜ್ವರ ಬಂದೀತು. ಜಿರಳೆ ಚರಂಡಿಯಿಂದ ನೇರ ಅನ್ನದ ಪಾತ್ರೆಗೆ ಬರುತ್ತದೆ, ಕಾಲು ತೊಳೆಯುವ ಪದ್ಧತಿ ಅದಕ್ಕಿಲ್ಲ. ಹೊಟ್ಟೆ ಕೆಟ್ಟಾಗ ನಾವು ಬೈಯುವುದು ಹೋಟೆಲಿನವರನ್ನು. ಇದನ್ನೆಲ್ಲ ಗಿರಾಕಿಗಳಿಗೆ ಕೇಳದಿದ್ದರೂ ಹೇಳಿಕೊಡುತ್ತ ಬಂದವನು ನಾನು. ಆದ್ದರಿಂದ ಮುಂದಿನ ಕಥೆ ನನಗೆ ಹೆಚ್ಚು ನಾಚಿಕೆಯದ್ದು.

ಕಾರ್ಕಳದ ನನ್ನ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಮಣಿಪಾಲದಲ್ಲಿ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಯಿತು. ಆಮೇಲೆ ಎರಡು ವಾರ ಅಂಬಲಪಾಡಿಯ ನಮ್ಮ ಮನೆಯಲ್ಲೇ ಇದ್ದು ತಪಾಸಣೆಗೆ ಹೋಗಿಬರುವುದೆಂದು ತೀರ್ಮಾನ. ಡಾಕ್ಟರು ಹೇಳಿದ ಮುಖ್ಯ ಮಾತು ಒಂದೇ: ನಿದ್ದೆಗಣ್ಣಿನಲ್ಲೂ ಕಣ್ಣಿಗೆ ಕೈ ಹೋಗಬಾರದು. ನನ್ನ ಹೆಂಡತಿ ಸುಮತಿ ಚಿಕ್ಕ ಕೋಣೆಯನ್ನು ಗುಡಿಸಿ ಒರೆಸಿ, ಅಲ್ಲಿಗೆ ಒಂದು ಒಳ್ಳೆಯ ಹಾಸಿಗೆ ಬೇಕು ಎಂದಳು. ಒಳ್ಳೆಯದು ಎಂದರೆ ಹೊಸದು ಎಂದು ಅವಳ ಅರ್ಥ. ನನ್ನ ಅರ್ಥ ಬೇರೆ ಇತ್ತು.

ಮಣಿಪಾಲದಲ್ಲಿ ಪರೀಕ್ಷೆ ಮುಗಿಯುವ ದಿನಗಳಲ್ಲಿ ಬಾಡಿಗೆ ಮನೆಯ ವಿದ್ಯಾರ್ಥಿಗಳು ಮಂಚ, ಮೇಜು, ಹಾಸಿಗೆ ಎಲ್ಲವನ್ನೂ ಸಿಕ್ಕಿದ ಬೆಲೆಗೆ ಮಾರಿ ಊರಿಗೆ ಹೊರಡುತ್ತಾರೆ. ರೈಲು ಹೊರಡುವ ದಿನವೇ ಹೋಗಬೇಕು ಎಂಬುದು ನಾನು ಕಂಡುಕೊಂಡ ಸೂತ್ರ. ಹಾಗೆ ಹೋದಾಗ ಸಿಕ್ಕಿದವಳು ಉತ್ತರದ ಕಡೆಯ ಒಬ್ಬ ವಿದ್ಯಾರ್ಥಿನಿ. ದಪ್ಪ ಹಾಸಿಗೆ, ಒಳ್ಳೆಯ ಕಂಪನಿಯದ್ದು. ನಾಲ್ಕೂವರೆ ಸಾವಿರ ಹೇಳಿದಳು, ಮೂರಕ್ಕೆ ಇಳಿಸಿದೆ. ಆಮೇಲೆ ಹಾಸಿಗೆ ಮಗುಚಿ ಅಂಚಿನ ಹೊಲಿಗೆಯನ್ನು ಪರೀಕ್ಷಿಸಿದೆ. ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಉದ್ದಕ್ಕೂ ಇದ್ದವು. "ಮಲಗಿಕೊಂಡು ಬರೆದರೆ ಹೀಗೇ ಶಾಯಿ ಸಿಡಿಯುವುದು, ಇದಕ್ಕೆ ಐನೂರು ಕಡಿಮೆ ಮಾಡಬೇಕು" ಎಂದೆ. ಅವಳು ಚುಕ್ಕೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಒಪ್ಪಿದಳು. ಅವಳ ತೋಳಿನ ತುಂಬ ಕೆಂಪು ಗುಳ್ಳೆಗಳು. ಇಲ್ಲಿ ಸೊಳ್ಳೆ ಜಾಸ್ತಿ ಅಲ್ವಾ ಎಂದು ಕನಿಕರದಿಂದ ಕೇಳಿದೆ. ಹೌದು ಅಂಕಲ್, ತುಂಬಾ ಸೊಳ್ಳೆ ಎಂದಳು. ಸಲಿಗೆ ಬೆಳೆಯಿತೆಂದು ದಿಂಬನ್ನೂ ಪುಕ್ಕಟೆ ಕೇಳಿದೆ. ಅವಳೇ ಅದನ್ನು ತಂದು ಟೆಂಪೋದೊಳಗೆ ಹಾಕಿದಳು.

ಅತ್ತೆ ಬರಲು ಹದಿನೈದು ದಿನ ಇತ್ತು. ಹಾಸಿಗೆ ಹೇಗಿದೆಯೆಂದು ನೋಡಲು ಅದರಲ್ಲಿ ನಾನೇ ಮಲಗತೊಡಗಿದೆ. ನನ್ನ ಗೊರಕೆಯಿಂದ ಬಿಡುಗಡೆಯಾಯಿತೆಂದು ಸುಮತಿಯೂ ಬೇಡ ಎನ್ನಲಿಲ್ಲ. ನಾಲ್ಕನೇ ದಿನ ಕೈಮೇಲೆ ದದ್ದು. ಸೊಳ್ಳೆ ಎಂದು ತೀರ್ಪು ಕೊಟ್ಟು ಎಲ್ಲ ಕಿಟಕಿಗಳಿಗೂ ಜಾಲರಿ ಹಾಕಿಸಿದೆ. ದದ್ದು ಹೆಚ್ಚಿತು. ಸಿಗಡಿ ನಂಜಾಗಿರಬೇಕು ಎಂದು ಸುಮತಿ ಹೇಳಿದ ಮೇಲೆ ಒಂದು ವಾರ ಸಿಗಡಿ ಬಿಟ್ಟೆ. ಎದುರಿಗೆ ಅವಳು ಸಿಗಡಿ ಸುಕ್ಕ ತಿನ್ನುವಾಗ ನಾನು ತೊಂಡೆಕಾಯಿ ಪಲ್ಯ ತಿಂದೆ. ಅದನ್ನು ಹನ್ನೆರಡು ಸಾವಿರದಲ್ಲಿ ಸೇರಿಸಿಲ್ಲ, ಅದಕ್ಕೆ ಬೆಲೆ ಕಟ್ಟಲಾಗದು.

ಆಪರೇಷನ್ನಿಗೆ ನಾಲ್ಕು ದಿನ ಇರುವಾಗ ಅತ್ತೆ ಬಂದರು. ಕಾಫಿ ಕುಡಿಯುತ್ತ ನನ್ನ ತೋಳು ನೋಡಿದವರು ಲೋಟ ಕೆಳಗಿಟ್ಟರು.

"ಇದು ಎಂತ ಮಾರಾಯ್ರೆ?"

"ಸೊಳ್ಳೆ, ಅತ್ತೆ."

"ಸೊಳ್ಳೆ ಇಷ್ಟು ಶಿಸ್ತಿನಲ್ಲಿ ಸಾಲಾಗಿ ಕಚ್ಚುವುದುಂಟಾ? ಆ ಹಾಸಿಗೆ ಸ್ವಲ್ಪ ತೋರಿಸಿ."

ಪೊರೆ ಬಂದ ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಹೊಲಿಗೆಯ ಹತ್ತಿರ ಹಿಡಿದು ಅವರು ಅಂಚಿನುದ್ದಕ್ಕೂ ಬಗ್ಗಿ ನಡೆದರು. ಕಪ್ಪು ಚುಕ್ಕೆಗಳ ಹತ್ತಿರ ನಿಂತಾಗ ನಾನು ಸುಮ್ಮನಿರಬಹುದಿತ್ತು. ಅದು ಶಾಯಿ ಕಲೆ, ಅದನ್ನು ತೋರಿಸಿಯೇ ಮಾರಿದ ಹುಡುಗಿಯಿಂದ ಐನೂರು ಇಳಿಸಿದ್ದು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅತ್ತೆ ತಲೆಯಿಂದ ಪಿನ್ನು ತೆಗೆದು ಹೊಲಿಗೆಯನ್ನು ಸ್ವಲ್ಪ ಕೆದಕಿದರು. ಸೇಬಿನ ಬೀಜದಂಥ ಕಂದು ಹುಳ, ಹಿಂದೆ ಇನ್ನೊಂದು, ಮತ್ತೊಂದು.

"ತಿಗಣೆ. ಆ ಚುಕ್ಕೆ ಇದರದ್ದೇ ಹಿಕ್ಕೆ. ನೀವು ಬೆರಳಿಟ್ಟು ತೋರಿಸಿದಿರಿ, ಆ ಹುಡುಗಿ ಐನೂರು ಬಿಟ್ಟು ದಾಟಿಸಿದಳು. ಅವಳಿಗೆ ವ್ಯಾಪಾರ ಗೊತ್ತುಂಟು."

ಮತ್ತೆ ಮಗಳ ಕಡೆ ತಿರುಗಿ, ತಾನು ಕಾರ್ಕಳಕ್ಕೆ ಹಿಂದೆ ಹೋಗುತ್ತೇನೆ, ತಪಾಸಣೆಗೆ ಬಸ್ಸಿನಲ್ಲೇ ಬರುತ್ತೇನೆ ಎಂದರು. ತಿಗಣೆ ರೋಗ ಹರಡುವುದಿಲ್ಲವಂತೆ ಎಂದು ಹೇಳಲು ಹೊರಟೆ. ತುರಿಕೆಗೆ ಎಚ್ಚರವಾಗಿ ನಿದ್ದೆಗಣ್ಣಿನಲ್ಲಿ ಕೈ ಎಲ್ಲಿಗೆ ಹೋಗುತ್ತದೆ ಎಂದು ಸುಮತಿ ಕೇಳಿದಳು. ಆಪರೇಷನ್ ಆದ ಕಣ್ಣಿಗೆ ಬಸ್ಸಿನ ಧೂಳು ಒಂದು ಕಡೆ, ನನ್ನ ಹಾಸಿಗೆ ಇನ್ನೊಂದು ಕಡೆ. ಆದರೂ ಹುಟ್ಟುಗುಣ ನೋಡಿ, ಐನೂರು ಕಡಿಮೆಗೆ ಯಾರಿಗಾದರೂ ದಾಟಿಸಲೇ ಎಂದು ಬಾಯಿಬಿಟ್ಟೆ.

"ಯಾರ ಅತ್ತೆಗೆ?" ಎಂದಳು ಸುಮತಿ.

ಅಲ್ಲಿಗೆ ನನ್ನ ವ್ಯಾಪಾರ ಮುಗಿಯಿತು. ಬೇರೆ ಯಾರೂ ಎತ್ತಿಕೊಂಡು ಹೋಗದಂತೆ ಹಾಸಿಗೆಯನ್ನೂ ದಿಂಬನ್ನೂ ಉದ್ದಕ್ಕೆ ಸೀಳಿ, ನನ್ನದೇ ಅಂಗಡಿಯ ಟಾರ್ಪಾಲಿನಲ್ಲಿ ಬಿಗಿದು ಕಸದ ಗಾಡಿಗೆ ಕೊಟ್ಟೆ. ಮಂಚದ ಸಂದು, ಗೋಡೆಯ ಬಿರುಕು, ಸ್ವಿಚ್ಚಿನ ಪೆಟ್ಟಿಗೆಯ ಅಂಚು ಎಲ್ಲ ಕಡೆ ಅವು ಸೇರಿಕೊಂಡಿರುತ್ತವೆಂದು ಔಷಧಿ ಹೊಡೆಯುವವರು ಹೇಳಿದರು. ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆಯುವುದರಿಂದ ಎರಡು ವಾರ ಬಿಟ್ಟು ಇನ್ನೊಮ್ಮೆ ಹೊಡೆಯಬೇಕೆಂದರು. ಅವರು ಹೇಳಿದ ದರಕ್ಕೆ ಆಗಲಿ ಎಂದೆ. ನನ್ನನ್ನು ಬಲ್ಲ ಮನುಷ್ಯ, ನಿಮಗೆ ಹುಷಾರಿಲ್ವಾ ಎಂದು ವಿಚಾರಿಸಿದ. ಚಿಕ್ಕ ಕೋಣೆಗೆ ಬೀಗ ಹಾಕಿ, ಸುಮತಿ ನಮ್ಮ ಕೋಣೆಯ ಮಂಚವನ್ನು ಟಾರ್ಚ್ ಹಿಡಿದು ಎರಡೆರಡು ಸಲ ನೋಡಿ ಅತ್ತೆಗೆ ಬಿಟ್ಟುಕೊಟ್ಟಳು. ಅತ್ತೆ ಉಳಿದರು. ದಿನಾ ಬೆಳಿಗ್ಗೆ ಎರಡೂ ತೋಳು ಮುಂದೆ ಚಾಚಿ ನನ್ನಿಂದಲೇ ಪರೀಕ್ಷೆ ಮಾಡಿಸುತ್ತಿದ್ದರು. ಒಂದು ಗುಳ್ಳೆಯೂ ಏಳಲಿಲ್ಲ, ಕಣ್ಣಿಗೆ ಕೈ ಹೋಗಲಿಲ್ಲ. ಕೊನೆಯ ತಪಾಸಣೆ ಮುಗಿಸಿ ಬಂದು ಅವರು ಹೊಸ ಕಣ್ಣಿನಿಂದ ಮೊದಲು ನೋಡಿದ್ದು ನಮ್ಮ ದಿಂಬಿನ ಹೊಲಿಗೆಯನ್ನು.

ನೀವು ಹಳೆಯ ಹಾಸಿಗೆ ಕೊಳ್ಳಲೇಬೇಡಿ. ಹಳೆಯ ಮಂಚ, ಸೋಫಾ ಕೊಳ್ಳುವುದಿದ್ದರೆ ಟಾರ್ಚ್ ಹಿಡಿದು ಸಂದು, ಹೊಲಿಗೆ ನೋಡಿ. ಕಪ್ಪು ಚುಕ್ಕೆ ಕಂಡರೆ ಬೆಲೆ ಇಳಿಸಬೇಡಿ, ಮೆಟ್ಟಿಲು ಇಳಿಯಿರಿ. ಸಾಲಾಗಿ ದದ್ದು ಎದ್ದರೆ ಕಿಟಕಿ ನೋಡುವ ಮೊದಲು ಹಾಸಿಗೆ ನೋಡಿ. ಬಟ್ಟೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಮಾರುವವರ ತೋಳನ್ನೂ ಒಮ್ಮೆ ಗಮನಿಸಿ, ಕನಿಕರ ಆಮೇಲೆ ತೋರಿಸಬಹುದು. ಪುಕ್ಕಟೆ ಸಿಕ್ಕಿದ್ದನ್ನಂತೂ ಮಗುಚಿ ನೋಡದೆ ಮನೆಯೊಳಗೆ ತರಬೇಡಿ. ಈ ಸಲಹೆಯೂ ಪುಕ್ಕಟೆಯದ್ದೇ, ಒಮ್ಮೆ ಮಗುಚಿ ನೋಡಿ.