ಹೆಸರು ಹೇಳಿದರ ದಾರಿ ತೋರಿಸೋ ಫಂಕ್ಷನ್

ನಮ್ಮ ಕಡೆ ಗಂಡ ಹೆಂಡತಿ ಹೆಸರು ಹೇಳಂಗಿಲ್ಲ, ಹೆಂಡತಿ ಗಂಡನ ಹೆಸರು ಹೇಳಂಗಿಲ್ಲ. ಅದರಿಂದ ಏನಾರ ಒಂದು ಫಜೀತಿ ಆಗ್ತಾನೇ ಇರ್ತದ. ನಮ್ಮ ಮನ್ಯಾಕಿ ತೀರಿಕೊಂಡ ಮ್ಯಾಲೂ ಅದು ನಿಲ್ಲಲಿಲ್ಲ. ಆ ರೂಢಿಯಿಂದ ಅಕಿ ದನಿನೇ ನನಗ ಇಲ್ಲದಂಗ ಆಗ್ತಿತ್ತು. ನಾ ಕಾಲುವಿ ಮ್ಯಾಲೆ ಗೇಟು ಎತ್ತೋ ಕೆಲಸದಾಂವ. ಬರಿಯೋದು ಕಮ್ಮಿ. ನೆನಪಿದ್ದಷ್ಟು ಬರೀತೀನಿ.

ರೇಷನ್ ಸಾಹೇಬ

ನಮ್ಮ ಮನ್ಯಾಕಿ ಇನ್ನೂ ಇದ್ದಾಗಿನ ಮಾತು. ರೇಷನ್ ಕಾರ್ಡ್ ಬರಿಯಾಕ ಶಹಾಪುರದಿಂದ ಒಬ್ಬ ಸಾಹೇಬ ಬಂದಿದ್ದ. ನಾ ಗೇಟಿನ ಹತ್ರ ಇದ್ದೆ. ಇಕಿ ಸಾಲಿನ್ಯಾಗ ನಿಂತಾಳ.

"ಗಂಡನ ಹೆಸರೇನವ್ವ?"

ಇಕಿ ಹಿಂದಿನಾಕಿಗೆ ಮೊಣಕೈಲೆ ತಿವಿದಳು. "ನೀ ಹೇಳ."

ಹಿಂದಿನಾಕಿ ನನ್ನ ತಮ್ಮನ ಹೆಂಡತಿ. ಭಾವನ ಹೆಸರು ಅಕಿ ಹೆಂಗ ಹೇಳ್ಯಾಳು? ಅಕಿನೂ ನೆಲ ನೋಡಿದಳು.

ಸಾಹೇಬ ಪೆನ್ನು ಕೆಳಗಿಟ್ಟ. "ಗಂಡ ಅಂತ ಒಬ್ಬ ಇದ್ದಾನೋ ಇಲ್ಲೋ, ಅದನ್ನರ ಹೇಳ್ರಿ!"

ಮಂದಿ ಓಡಿ ಬಂದು ನನ್ನ ಕರಕೊಂಡು ಹೋದರು. ಕೈಕಾಲೆಲ್ಲ ಕೆಸರು. ನನ್ನ ಹೆಸರು ನಾನೇ ಹೇಳಿದೆ. ಸಾಹೇಬಗ ಜೀವ ಬಂದಂಗಾತು.

"ಶಾಬಾಸ್. ಈಗ ಹೆಂಡತಿ ಹೆಸರು ಹೇಳು."

ನಾ ತಮ್ಮನ ಹೆಂಡತಿ ಕಡೆ ತಿರುಗಿದೆ. "ನೀ ಹೇಳವ್ವ," ಅಂದೆ.

ಏರಿ ಮ್ಯಾಲಿನ ಕೂಗು

ದೋರನಹಳ್ಳಿ ಕಡೆ ಮರಿ ಕಾಲುವ್ಯಾಗ ಇಳದು ನಾವು ಗಂಡಸರು ಕಸ ತಗ್ಯಾಕತ್ತಿದ್ವಿ. ಮ್ಯಾಲೆ ಯಾರೋ ಹೊತ್ತಿಗೆ ಮುಂಚೆ ಗೇಟು ಎತ್ತಿಬಿಟ್ಟಿದ್ದರು. ನಮಗ ಗೊತ್ತಿಲ್ಲ. ಬುತ್ತಿ ತಂದ ನಮ್ಮ ಮನ್ಯಾಕಿಗೆ ಏರಿ ಮ್ಯಾಲಿಂದ ನೀರು ಕಾಣಿಸ್ತು. ಕೆಂಪು ನೀರು, ಮುಳ್ಳುಕಂಟಿ ಹೊತ್ತು ಬರಾಕತ್ತಿತ್ತು. ಅಕಿ ಬುತ್ತಿ ಬಿಸಾಕಿ ಓಡಿದಳು. ಹೆಸರು ಕೂಗಂಗಿಲ್ಲ.

"ಏನ್ರೀ! ಕೇಳ್ರಿ ಇಲ್ಲೆ! ಮ್ಯಾಲೆ ಬರ್ರಿ!"

ಆ ದನಿಗೆ ಕಾಲುವ್ಯಾಗಿದ್ದ ಅಷ್ಟೂ ಗಂಡಸರು ಸಲಿಕಿ ಬಿಟ್ಟು ಏರಿ ಹತ್ತಿದರು. ಒಬ್ಬೊಬ್ಬಗೂ ತನ್ನ ಹೆಂಡತಿನೇ ಬಂದಾಳ ಅನಿಸಿತ್ತು. ನಾವು ಹತ್ತಿ ನಿಲ್ಲೋದ್ರಾಗ ಸಲಿಕಿ ಪುಟ್ಟಿ ಎಲ್ಲಾ ಕೊಚ್ಚಿಕೊಂಡು ಹೋದವು. ಅಕಿ ಒಂದು ಹೆಸರು ಕೂಗಿದ್ದರ ಒಬ್ಬನೇ ಉಳೀತಿದ್ದ.

ಆಮ್ಯಾಲೆ ನೋಡ್ತೀವಿ, ಎಲ್ಲಾರಕಿಂತ ಮೊದಲು ಹತ್ತಿ ನಿಂತಾಂವ ಮದುವಿನೇ ಆಗದ ಮೇಸ್ತ್ರಿ.

ಹಕ್ಕಿ ಬೆದರಿಸೋ ಸಿ.ಡಿ.

ಅಕಿ ಹೋದಳು. ಫೋಟೋ ಒಂದದ. ಅದು ಮಾತಾಡಂಗಿಲ್ಲ. ಅಕಿ ಮಾತು ಇದ್ದದ್ದು ಒಂದೇ ಕಡೆ, ರಂಗಂಪೇಟಿ ಮದುವ್ಯಾಗ ಶೂಟಿಂಗ್ ಮಾಡಿದ ಸಿ.ಡಿ.ಯಾಗ. ಟ್ರಂಕ್ ತಗದು ನೋಡಿದರ ಸಿ.ಡಿ. ಇಲ್ಲ.

ಹುಡುಕ್ಕೋತ ಮುದನಾಳಕ್ಕ ತಂಗಿ ಮನಿಗೆ ಹೋದೆ. ತಂಗಿ ಗಂಡನ ಸಜ್ಜಿ ಹೊಲದಾಗ ಅದು ಹಗ್ಗಕ್ಕ ಜೋತು ಬಿದ್ದು ಪಳಪಳ ಹೊಳ್ಯಾಕತ್ತಿತ್ತು. ಹಕ್ಕಿ ಬೆದರಿಸಾಕ ಹಳೇ ಸಿ.ಡಿ. ಅಂತ ಅಂವ ಒಯ್ದಿದ್ದ. ಹಗ್ಗ ಜಗ್ಗಿ ಜಗ್ಗಿ ನಡುವಿನ ತೂತಿನಿಂದ ಸೀಳು ಬಿಟ್ಟಿತ್ತು.

"ಅದರಾಗ ಅಕಿ ದನಿ ಅದನೋ ಮಾರಾಯಾ!"

ಅಂವ ಒಮ್ಮೆ ಹೊಲ ನೋಡಿದ, ಒಮ್ಮೆ ನನ್ನ ನೋಡಿದ. "ಅದಕ್ಕ ಈ ಸಲ ಒಂದು ಹಕ್ಕಿನೂ ಇಳದಿಲ್ಲ ನೋಡು."

ಫಂಕ್ಷನ್

ಸುರಪುರದ ಅಂಗಡಿಯವರು ಸೀಳಿದ ಸಿ.ಡಿ. ಮುಟ್ಟಲಿಲ್ಲ. "ನಮ್ಮ ಮಷೀನ್ ಖರಾಬ್ ಆಗ್ತದ," ಅಂದರು. ಕಾಲುವಿ ಕ್ಯಾಂಪಿನ ಕಂಪ್ಯೂಟರ್ ಆಪರೇಟರ್ ನನ್ನ ಗುರುತಿನಾಂವ. ಅವನ ಹತ್ರ ಕಂಪ್ಯೂಟರಿಗೆ ಜೋಡಿಸಿದ ಒಂದು ದೊಡ್ಡ ಪೆಟ್ಟಿಗಿ, ಅದರಾಗ ಕಾಲುವಿ ನಕಾಶಿ ಇದ್ದ ಸಿ.ಡಿ.ಗಳು. ಖಾಲಿ ಖಾನ್ಯಾಗ ನನ್ನದೂ ಇಟ್ಟ.

"ಇದು ಹೆಸರು ಹೇಳಿದ್ರನೇ ಹುಡುಕ್ತದರಿ. ಸಿ ಅನ್ನೋ ಕಂಪ್ಯೂಟರ್ ಭಾಷಾದ ಲೈಬ್ರರ್ಯಾಗ ಒಂದು ಫಂಕ್ಷನ್ ಅದ, ಅಂದ್ರ ಕಂಪ್ಯೂಟರಿಗೆ ಕೊಡೋ ಹುಕುಂ, ಮೀಡಿಯಾ ಫೈಂಡ್‌ನೇಮ್ ಅಂತ. ಸಿ.ಡಿ. ಹೆಸರು ಕೊಟ್ರ, ಅದು ಯಾವ ದಾರೀಲೆ ಸಿಗ್ತದ ಅಂತ ಪೂರಾ ಪತ್ತೆ ಕೊಡ್ತದ."

"ಹೆಸರು ತಪ್ಪಾದರ?"

"ನಲ್ ಅಂತದ. ಅಂದ್ರ ಏನೂ ಇಲ್ಲ. ಪ್ರತಿ ಸಲ ಹುಡುಕುವಾಗ ಎಲ್ಲಾ ಸಿ.ಡಿ. ತಿರುಗ್ತಾವ. ಭಾಳ ತಿರುಗಿದ್ರ ನಿಮ್ಮದು ಚೂರಾಗ್ತದ. ನೋಡಿ ಹೇಳ್ರಿ, ಶೂಟಿಂಗ್ ಅಂಗಡ್ಯಾವ ಸಿ.ಡಿ.ಗೆ ಏನಂತ ಹೆಸರು ಹಾಕ್ಯಾನ?"

ಮದುಮಗನ ಹೆಸರು ಹೇಳಿದೆ. ಪೆಟ್ಟಿಗಿ ಗುರ್ ಅಂತು, ಒಳಗ ಕಟಕ್ ಅಂತು. ನಲ್.

ಮದುಮಗಳ ಹೆಸರು ಹೇಳಿದೆ. ಕಟಕ್, ಕಟಕ್. ನಲ್.

ಆಪರೇಟರ್ ಕೈ ಹಿಂದಕ್ಕ ತಗೊಂಡ. "ಇನ್ನೊಂದು ಸಲ ತಪ್ಪಿದ್ರ ಮುಗೀತ್ರಿ. ಅಂಗಡಿಂದ ಇದನ್ನ ತಂದವರು ಯಾರು?"

"ನಮ್ಮ ಮನ್ಯಾಕಿ."

"ಹಂಗಾದ್ರ ಅವರ ಹೆಸರೇ ಹಾಕಿರ್ತಾನ. ಹೇಳ್ರಿ."

"ನಮ್ಮ ಮನ್ಯಾಕಿ."

"ಹೆಸರ್ರೀ, ಹೆಸರು!"

"ನಮ್ಮ ಮಗಳ ಅವ್ವ."

"ಅಜ್ಜಾರ, ಫಂಕ್ಷನಿಗೆ ನಿಮ್ಮ ಮಗಳ ಗುರ್ತಿಲ್ರಿ!"

ಬಾಗಲಾ ಹಾಕಿಸಿದೆ. ಗ್ವಾಡಿ ಕಡೆ ಮಾರಿ ಮಾಡಿದೆ. ಹೇಳಿದೆ. ಇಲ್ಲಿ ಬರಿಯಂಗಿಲ್ಲ.

ಪೆಟ್ಟಿಗಿ ತಿರುಗಾಕತ್ತಿತು. ಕಟಕ್. ತಡದು ಮತ್ತೊಂದು ಕಟಕ್. ನಾ ಗ್ವಾಡಿ ಬಿಟ್ಟು ತಿರುಗಲಿಲ್ಲ.

"ದಾರಿ ಕೊಡ್ತ್ರಿ!" ಅಂದ ಆಪರೇಟರ್.

ಮೊದಲು ಕಂಪ್ಯೂಟರಿನೊಳಗ ಇಳಿಸ್ಕೊಂತೀನಿ ಅಂದ. ಅರ್ಧ ಇಳದಿತ್ತು, ಒಳಗ ಟಪ್ ಅಂತ ಸಿ.ಡಿ. ಒಡೀತು. ಅರ್ಧ ಮದುವಿ ಹೋತು. ಉಳಿದ ಅರ್ಧದಾಗ ಅಕಿ ಇದ್ದಳು.

ಮದುವಿ ಮನಿ ಬಾಗಲದಾಗ ಹೆಂಗಸರು ಅಕಿನ್ನ ಅಡ್ಡಗಟ್ಟಿದ್ದರು. ಗಂಡನ ಹೆಸರು ಹೇಳಿದ್ರನೇ ಒಳಗ ಬಿಡ್ತೀವಿ ಅಂತ ಹಟ. ಮದುವ್ಯಾಗ ಅಷ್ಟರ ಮಟ್ಟಿಗೆ ಹೇಳಿಸೋ ರೂಢಿ ಅದ. ಅಕಿ ಸೊಂಟದ ಮ್ಯಾಲೆ ಕೈ ಇಟ್ಟು ಅಂದಳು:

"ಸರೀರೇ ಅತ್ತಾಗ! ಆ ಹೆಸರು ಬಾಯಿಗೆ ಬಂದ್ರ ಸಾಕು, ಎಲ್ಲಿದ್ರೂ ಓಡಿ ಬರ್ತಾನ. ಬಂದು, ಚಾ ಇಡು ಅಂತಾನ."

ಆಪರೇಟರಗ ನಗಬೇಕೋ ಬ್ಯಾಡೋ ತಿಳೀಲಿಲ್ಲ. ಬಾಗಲಾ ತಗದು ಬಂದು ನಿಂತ.

"ಅಜ್ಜಾರ, ಚಾ ಹೇಳ್ಲೇನ್ರಿ?"

"ಹೇಳಪಾ," ಅಂದೆ. "ಓಡಿನೇ ಬಂದೀನಿ."