ಅತ್ತೆ ಜಿಮ್ಮಿಗೆ ಸೇರಿದ್ದು

ನಮ್ಮ ಸೋದರತ್ತೆಗೆ ಬೇಜಾರಾದರೆ ಊರಿಗೇ ಕಷ್ಟ! ಎರಡು ದಿನ ಒಂದೇ ಸಾರು ಮಾಡಿದವಳಲ್ಲ. ಕೊಟ್ಟಿಗೆಯ ಹಸುವಿಗೂ ಆಗಾಗ ಹೆಸರು ಬದಲಾಯಿಸುತ್ತಾಳೆ. ಯಾವುದು ತನ್ನ ಹೆಸರೆಂದು ತಿಳಿಯದೆ ಆ ಹಸು ಈಗ ಯಾರನ್ನು ಕರೆದರೂ ತಿರುಗಿ ನೋಡುತ್ತದೆ.

ಇಂಥವಳು ಅರವತ್ತರ ಹೊಸ್ತಿಲಲ್ಲಿ ಬಂಗಾರಪೇಟೆಯ ಜಿಮ್ಮಿಗೆ ಸೇರುತ್ತೇನೆ ಎಂದಾಗ ಮನೆಮಂದಿಯೆಲ್ಲ ನಕ್ಕೆವು. ನಾನೂ ಅಲ್ಲಿಗೇ ಹೋಗುತ್ತಿದ್ದೆನಾದ್ದರಿಂದ ಸೇರಿಸುವ ಭಾಗ್ಯ ನನಗೇ ಒದಗಿತು. ನಿಜ ಹೇಳಬೇಕೆಂದರೆ, ನಾನು ಬಿಟ್ಟುಬಿಡುವ ಆಲೋಚನೆಯಲ್ಲಿದ್ದೆ. ದಿನವೂ ಅದೇ ಕಬ್ಬಿಣ, ಅದೇ ಕನ್ನಡಿ, ಕನ್ನಡಿಯಲ್ಲಿ ಅದೇ ಹೊಟ್ಟೆ!

ಬೂದಿಕೋಟೆಯ ಬಸ್ಸಿಳಿದ ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಷೂ ಹಾಕಿಕೊಂಡೇ ಬಂದಿದ್ದಳು. ಜಿಮ್ಮಿನ ಕೋಚು ಚಿನ್ನದ ಗಣಿಯ ಉರಿಗಾಮಿನ ಹುಡುಗ, ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವನು. ಅವನು ಅತ್ತೆಯನ್ನು ಟ್ರೆಡ್‌ಮಿಲ್ ಹತ್ತಿಸಿದ. ಸ್ವಲ್ಪ ಹೊತ್ತು ನಡೆದು ಅವಳು ನನ್ನನ್ನು ಕರೆದಳು.

"ಇಷ್ಟೊತ್ತು ನಡ್ದಿದ್ರೆ ಪಕ್ಕದೂರು ಸೇರ್ತಿದ್ದೆ ಕಣ್ಲಾ. ಇಲ್ಲಿನ್ನೂ ಅದೇ ಗೋಡೆ ಐತೆ."

ಮರುದಿನ ಬೇರೆ ಏನಾದರೂ ಹೇಳಿಕೊಡು ಎಂದು ಹಟ ಹಿಡಿದಳು. ಒಂದನ್ನೇ ತಿಂಗಳುಗಟ್ಟಲೆ ಮಾಡಿದರೇ ಮೈಗೆ ಹತ್ತುವುದೆಂದು ಕೋಚು ಬುದ್ಧಿ ಹೇಳಿದ. ಅತ್ತೆ ಬಿಡುವವಳೇ?

"ದಿನಾ ಮುದ್ದೆನೇ ತಿಂತೀವಿ, ಒಪ್ಕೊಂಡೆ. ಸಾರು ಬದ್ಲಾಗ್ಬೇಕಾ ಬ್ಯಾಡ್ವಾ?"

ಅವನು ಮೂರು ಭಾಷೆಯಲ್ಲೂ ಸೋಲೊಪ್ಪಿಕೊಂಡ. ಅಂದಿನಿಂದ ಒಂದು ದಿನ ಡಂಬೆಲ್, ಒಂದು ದಿನ ರಬ್ಬರ್ ಪಟ್ಟಿ, ಇನ್ನೊಂದು ದಿನ ತೆಲುಗು ಹಾಡಿಗೆ ಕುಣಿತ. ಅದೂ ಸಾಲದೆ, ಕೂತುಕೊಂಡೇ ಮಾಡುವುದು ಹೇಗೆ, ಒಂದೇ ಕೈಯಲ್ಲಿ ಆದೀತೇ ಎಂದು ಕೇಳಿ ಕೇಳಿ ಅವನನ್ನು ಹಣ್ಣು ಮಾಡಿದಳು. ಸೋಮಾರಿತನಕ್ಕೆ ಎಂಥ ಸೊಗಸಾದ ದಾರಿ ಎಂದುಕೊಂಡೆ ನಾನು. ಎದೆ ಮಾತ್ರ ಉಬ್ಬಿಸಿಕೊಂಡು ಓಡಾಡುವ ಒಬ್ಬ ತರುಣನಿಗಂತೂ, ಮೇಲೆ ಬಂಡೆ, ಕೆಳಗೆ ಸೌದೆ ಕಡ್ಡಿ ಎಂದು ಎದುರಿಗೇ ಹೇಳಿಬಿಟ್ಟಳು. ಪಾಪ, ಮರುದಿನವೇ ಅವನು ಕಾಲಿನ ಕಸರತ್ತು ಶುರುಮಾಡಿದ. ಇವತ್ತು ಅತ್ತೆ ಏನು ಮಾಡುತ್ತಾಳೋ ನೋಡೋಣವೆಂದು ನಾನೂ ತಪ್ಪದೆ ಹೋಗತೊಡಗಿದೆ.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಅವಳ ಮನೆಗೆ ಹೋದೆ. ಮಾವ ಜಗಲಿಯಲ್ಲಿ ಕೂತಿದ್ದರು. ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ದಿನವೂ ಅದುಮಿ ಎಂದು ಆಸ್ಪತ್ರೆಯವರು ಕೊಟ್ಟಿದ್ದ ರಬ್ಬರ್ ಚೆಂಡನ್ನು ಬೇಸತ್ತು ಗೋದಲಿಗೆ ಎಸೆದು, ಗೋಡೆ ಕಡೆ ತಿರುಗಿ ಮಲಗಿದ್ದರೆಂದು ನಮಗೆಲ್ಲ ಗೊತ್ತಿತ್ತು. ಆದರೆ ಅವತ್ತು ಅವರ ಮುಂದೆ, ನೆನೆಸಿದ ಅವರೆಕಾಳಿನ ಬೋಗುಣಿ ಇತ್ತು. ಸೋತ ಬೆರಳುಗಳಲ್ಲಿ ಒಂದೊಂದೇ ಕಾಳು ಹಿಚುಕಿ ಸಿಪ್ಪೆ ಬಿಡಿಸುತ್ತಿದ್ದರು.

ನಾನು ಅತ್ತೆಯ ಮುಖ ನೋಡಿದೆ.

"ಒಂದೇ ಮಾಡಿ ಮಾಡಿ ಅವ್ರಿಗೆ ಬ್ಯಾಸರ ಆಗಿತ್ತು ಕಣ್ಲಾ," ಅಂದಳು ಮೆಲ್ಲಗೆ. "ಅದುಕ್ಕೇ ಅಲ್ಲಿಗೋಗಿ ದಿನಾ ಒಂದು ಒಸ್ದು ಕಲ್ತು ಬತ್ತೀನಿ. ಇವತ್ತಿನ ಅವ್ರೆಕಾಳಿಂದು ಮಾತ್ರ ನಂದೇ ಉಪಾಯ. ಈಗ ಅವ್ರೇ ಕೇಳ್ತಾರೆ, ನಾಳೆ ಏನು ಅಂತ."

ಅಷ್ಟರಲ್ಲಿ ಮಾವನ ಬೆರಳ ಸಂದಿಯಿಂದ ಒಂದು ಕಾಳು ಚಿಮ್ಮಿ ನೇರ ಅತ್ತೆಯ ಕೆನ್ನೆಗೆ ಬಡಿಯಿತು. ಮಾವ ಸೊಟ್ಟ ಬಾಯಲ್ಲೇ ಕಿಸಕ್ಕನೆ ನಕ್ಕರು. ಅತ್ತೆ ಕೆನ್ನೆ ಒರೆಸಿಕೊಳ್ಳಲಿಲ್ಲ. ಬೋಗುಣಿಯ ಹತ್ತಿರಕ್ಕೆ ಸರಿದು ಕೂತಳು.

"ಒಡೀರಿ, ಈ ಕೆನ್ನೆಗೂ ಇನ್ನೊಂದು," ಅಂದಳು.