ಶಂಕರಪ್ಪನವರ ನಾಲ್ಕು ಬಣ್ಣದ ಆರೋಗ್ಯ

೨೦೦೩ನೇ ಇಸವಿ ಮೇ ತಿಂಗಳ ಹನ್ನೆರಡನೇ ತಾರೀಕು ಸೋಮವಾರ, ಅಖಿಲ ಭಾರತ ಗೋಣಿಚೀಲ ನಿಯಂತ್ರಣ ಮಂಡಳಿಯ ನಾಗಪುರ ಕಚೇರಿಯ ಗುಮಾಸ್ತರಾದ ಶ್ರೀ ಶಂಕರಪ್ಪನವರು ತೀವ್ರ ಅಸ್ವಸ್ಥರೆಂದು ತೀರ್ಮಾನಿಸಲಾಯಿತು. ಸ್ವತಃ ಶಂಕರಪ್ಪನವರಿಗೆ ಈ ವಿಷಯ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ, ಎರಡು ಪ್ಲೇಟ್ ಪೋಹಾ ತಿಂದು ಕೈ ತೊಳೆಯುತ್ತಿದ್ದಾಗ ತಿಳಿಯಿತು.

ಹಿನ್ನೆಲೆ ಇಷ್ಟೇ. ಹನ್ನೊಂದು ವರ್ಷಗಳಿಂದ ಶಂಕರಪ್ಪನವರು ಹುಬ್ಬಳ್ಳಿಗೆ ವರ್ಗ ಕೇಳುತ್ತಿದ್ದರು. ಕೈಯಲ್ಲಿ ಬರೆದ ಒಂಬತ್ತು ಅರ್ಜಿಗಳಿಗೆ ಉತ್ತರ ಬಂದಿರಲಿಲ್ಲ. ಹತ್ತನೆಯದನ್ನು ಅಂದವಾಗಿ ಅಚ್ಚು ಮಾಡಿ ಕೊಡೋಣವೆಂದು ಪ್ರತಾಪ ನಗರದ ತಮ್ಮ ಮನೆಗೆ ಹೊಸ ಇಂಕ್‌ಜೆಟ್ ಪ್ರಿಂಟರ್ ತಂದರು. ಆದರೆ ನಾಗಪುರದ ಮೇ ತಿಂಗಳ ಬಿಸಿಲು ಯಾರ ಮುಲಾಜೂ ನೋಡುವುದಿಲ್ಲ. ಪ್ರಿಂಟರಿನ ಬಾಯಲ್ಲೇ ಮಸಿ ಒಣಗಿ, ಅರ್ಜಿಯ ತುಂಬ ಬಿಳಿ ಪಟ್ಟೆಗಳು ಬಿದ್ದವು. ತಂಪಾಗಲೆಂದು ಕೂಲರ್ ಮುಂದೆ ಇಟ್ಟರೆ ಕಾಗದ ಹಸಿಯಾಗಿ ಅಕ್ಷರಗಳು ಹಪ್ಪಳದಂತೆ ಹರಡಿಕೊಂಡವು.

ಕೈಪಿಡಿ ನೋಡಿ ಪರೀಕ್ಷಾ ಪುಟ ತೆಗೆದರು. ಕಪ್ಪು, ನೀಲಿ, ಕೆಂಪು, ಹಳದಿ ಗೆರೆಗಳನ್ನು ಎಳೆದು ಮಸಿ ಬರುವ ಯಾವ ತೂತು ಕಟ್ಟಿದೆಯೆಂದು ತೋರಿಸುವ ಪುಟ ಅದು. ಕಪ್ಪು ಗೆರೆ ಅಲ್ಲಲ್ಲಿ ತುಂಡಾಗಿತ್ತು, ನೀಲಿ ಬಂದೇ ಇರಲಿಲ್ಲ. ಬೇಸತ್ತು, ಇದ್ದುದರಲ್ಲೇ ಓದಲು ಬರುವ ಅರ್ಜಿಯನ್ನು ಲಕೋಟೆಗೆ ಹಾಕಿ ಕೊಟ್ಟರು. ಅದಕ್ಕಂಟಿಕೊಂಡು ಒಂದು ಪರೀಕ್ಷಾ ಪುಟವೂ ಹೋಯಿತು.

ಕಚೇರಿಯಲ್ಲಿ ಅರ್ಜಿಯೊಳಗೆ ‘ಬಿಸಿಲು’, ‘ತಡೆಯಲಾಗದೆ’, ‘ಹುಬ್ಬಳ್ಳಿ’ ಎಂಬ ಮೂರು ಪದಗಳಷ್ಟೇ ಓದಲು ಸಿಕ್ಕವು. ಆದ್ದರಿಂದ ನಿಯಮಾನುಸಾರ ಲಗತ್ತನ್ನು ಆಧಾರವಾಗಿಟ್ಟುಕೊಳ್ಳಲಾಯಿತು. ಅದು ಎದೆಬಡಿತದ ವರದಿಯೆಂದು ನೋಡಿದ ಕೂಡಲೇ ಎಲ್ಲರಿಗೂ ಗೊತ್ತಾಯಿತು. ಗೋದಾಮಿನ ಗೋಡೆ ಪರೀಕ್ಷಿಸುವ ಎಂಜಿನಿಯರ್, ಹಿಂದಿ ಅನುವಾದಕರು ಮತ್ತು ಲೆಕ್ಕಾಧಿಕಾರಿಗಳನ್ನೊಳಗೊಂಡ ವೈದ್ಯಕೀಯ ಸಮಿತಿ ರಚನೆಯಾಗಿ, ಊಟಕ್ಕೆ ಮೊದಲೇ ವರದಿ ಕೊಟ್ಟಿತು: ‘ಸದರಿಯವರ ಕಪ್ಪು ಬಡಿತವು ಹದಿನಾಲ್ಕು ಕಡೆ ತಪ್ಪಿರುತ್ತದೆ. ನೀಲಿ ಬಡಿತವು ಸಂಪೂರ್ಣ ನಿಂತಿರುತ್ತದೆ. ಆದಾಗ್ಯೂ ಸದರಿಯವರು ಕರ್ತವ್ಯಕ್ಕೆ ಹಾಜರಾಗುತ್ತಿರುವುದು ಶ್ಲಾಘನೀಯ.’

ಆಡಳಿತಾಧಿಕಾರಿ ಕೃಷ್ಣಪ್ರಸಾದ್ ಮೈಸೂರಿನವರು, ಮೃದು ಮಾತಿನವರು. ಶಂಕರಪ್ಪನವರನ್ನು ಕರೆಸಿ, ತಾವೇ ಕುರ್ಚಿ ಎಳೆದು ಕೂರಿಸಿದರು.

“ಸರ, ಅದು ನನ್ನ ಎದಿದಲ್ರಿ. ಪ್ರಿಂಟರಿನ ಹಾಳಿ ಐತಿ,” ಎಂದರು ಶಂಕರಪ್ಪ.

“ನೀವು ರೋಗಿ, ಶಂಕರಪ್ಪನವರೇ. ರೋಗಿಯ ಅಭಿಪ್ರಾಯವನ್ನ ಫೈಲಿಗೆ ಸೇರಿಸೋ ಹಾಗಿಲ್ಲ. ಹುಬ್ಬಳ್ಳಿಗೆ ನಿಮ್ಮ ವರ್ಗಾವಣೆ ತಾತ್ವಿಕವಾಗಿ ಮಂಜೂರಾಗಿದೆ.”

ಹುಬ್ಬಳ್ಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ಶಂಕರಪ್ಪನವರು ಪ್ರಿಂಟರಿನ ಮಾತು ಬಿಟ್ಟರು. ಸಣ್ಣಗೆ ಕೆಮ್ಮಿದರು.

ಒಂದೇ ಷರತ್ತು. ಜುಲೈ ಒಂದರಂದು ಎರಡನೇ ಪುಟ ಹಾಜರುಪಡಿಸಬೇಕು, ಕಾಯಿಲೆ ಹಾಗೆಯೇ ಮುಂದುವರಿದಿರಬೇಕು. ಗುಣವಾದಲ್ಲಿ ವರ್ಗಾವಣೆ ರದ್ದು. ಜೊತೆಗೆ ಸಿಬ್ಬಂದಿಗೆ ಸುತ್ತೋಲೆ ಹೊರಟಿತು: ‘ಶ್ರೀ ಶಂಕರಪ್ಪನವರ ಕಣ್ಣಿಗೆ ಬೀಳುವಂತೆ ಯಾರೂ ನೀಲಿ ಫೈಲು ಇಡತಕ್ಕದ್ದಲ್ಲ.’

ಅಂದಿನಿಂದ ಶಂಕರಪ್ಪನವರು ಪ್ರಿಂಟರಿನ ಆರೋಗ್ಯ ಕೆಡಿಸುವುದರಲ್ಲಿ ನಿರತರಾದರು. ದಿನಾ ಅದನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು. ಕೂಲರಿನ ಮುಖವನ್ನು ಬೇರೆ ಕಡೆ ತಿರುಗಿಸಿದರು. ವಾರಕ್ಕೊಂದು ಪುಟ ತೆಗೆದು, ಕೆಂಪೂ ಹೋಯಿತೆಂದು ಖುಷಿಪಟ್ಟು, ಮನಸ್ಸಿನಲ್ಲೇ ಹುಬ್ಬಳ್ಳಿಯ ಮನೆಗೆ ಬಾಡಿಗೆ ಮಾತಾಡಿದರು.

ಹೆಂಡತಿ ನೀಲಾಂಬಿಕಾಗೆ ಮಾತ್ರ ನಿದ್ದೆ ಹಾರಿತ್ತು. “ಅದು ಪ್ರಿಂಟರಿಂದು ಅಂತ ಎಷ್ಟ ಸಲ ಹೇಳ್ಲಿ?” ಎಂದು ಗಂಡ ಗದರಿದರೆ, “ಸರಕಾರದವರು ಸುಳ್ಳ ಬರೀತಾರೇನ್ರಿ? ಮೂರು ಮಂದಿ ಸಹಿ ಮಾಡ್ಯಾರ. ನನ್ನ ಮುಂದ ಮುಚ್ಚಿಡಬ್ಯಾಡ್ರಿ,” ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಸೋಮವಾರ ಉಪವಾಸ ಹಿಡಿದರು. ಸಾಲದ್ದಕ್ಕೆ, ದೊಡ್ಡ ದೊಡ್ಡ ಆಸ್ಪತ್ರೆಗಳಿರುವ ರಾಮದಾಸಪೇಠ್‌ಗೆ ಗಂಡನ ಪುಟ ಹಿಡಿದುಕೊಂಡು ಹೋದರು. ಆಸ್ಪತ್ರೆಗಳ ನಡುವೆ ಒಂದು ಪ್ರಿಂಟರ್ ರಿಪೇರಿ ಅಂಗಡಿಯಿತ್ತು. ಪುಟ ನೋಡಿ ಧೈರ್ಯ ಹೇಳಿದವನು ಅಂಗಡಿಯವನೊಬ್ಬನೇ. ಬಿಸಿನೀರಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿ ಎಂದ.

ಜೂನ್ ಮೂವತ್ತರ ಬೆಳಿಗ್ಗೆ ಶಂಕರಪ್ಪನವರು ಜಳಕಕ್ಕೆ ಹೋಗಿದ್ದಾಗ ನೀಲಾಂಬಿಕಾ, ದೇವರ ಮೂರ್ತಿ ಒರೆಸುವಷ್ಟೇ ಭಕ್ತಿಯಿಂದ, ಪ್ರಿಂಟರಿನ ಮಸಿಡಬ್ಬಿಗಳ ಬಾಯಿ ಒರೆಸಿದರು. ಶಂಕರಪ್ಪನವರು ಟವೆಲ್ ಸುತ್ತಿಕೊಂಡು ಹೊರಬರುವಷ್ಟರಲ್ಲಿ ಪುಟ ಸಿದ್ಧವಾಗಿತ್ತು. ನಾಲ್ಕೂ ಬಣ್ಣ, ಒಂದು ಗೆರೆಯೂ ತಪ್ಪಿರಲಿಲ್ಲ.

“ನೀಲಿ ಬಂತ್ರಿ! ನೀವು ಉಳಕೊಂಡ್ರಿ!”

ಶಂಕರಪ್ಪನವರು ಗಳಗಳನೆ ಅತ್ತುಬಿಟ್ಟರು. ಹನ್ನೊಂದು ವರ್ಷ ಕಾದ ಹುಬ್ಬಳ್ಳಿ ಕೈತಪ್ಪಿತ್ತು. ಆದರೆ ಇಷ್ಟು ದಿನ ಉಪವಾಸವಿದ್ದವಳನ್ನು ಬೈಯುವುದಾದರೂ ಹೇಗೆ?

ಹಳೆಯ ಪುಟವನ್ನೇ ಕೊಡೋಣವೆಂದರೆ, ನೀಲಾಂಬಿಕಾ ಅಷ್ಟರಲ್ಲಿ ಹೊಸ ಪುಟವನ್ನು ಪೇಢೆಯ ಸಮೇತ ಕೃಷ್ಣಪ್ರಸಾದರ ಮನೆಗೆ ಮುಟ್ಟಿಸಿದ್ದರು. ಸಮಿತಿಯು ಶಂಕರಪ್ಪನವರನ್ನು ಪೂರ್ಣ ಗುಣಮುಖರೆಂದು ಸಾರಿ, ವರ್ಗಾವಣೆಯನ್ನು ಸಂತೋಷದಿಂದ ರದ್ದುಪಡಿಸಿತು. ಇನ್ನು ಮುಂದೆ ಸಿಬ್ಬಂದಿಯೆಲ್ಲ ಪ್ರತಿ ತಿಂಗಳು ಐದರೊಳಗೆ ಶಂಕರಪ್ಪನವರ ಮನೆಯ ಪ್ರಿಂಟರಿನಲ್ಲೇ ಆರೋಗ್ಯ ಪುಟ ತೆಗೆಸತಕ್ಕದ್ದು, ಬೇರೆ ಯಾವ ವೈದ್ಯರ ಪತ್ರವನ್ನೂ ಸ್ವೀಕರಿಸಲಾಗದು ಎಂದೂ ಆದೇಶವಾಯಿತು. ಮಸಿ ತೆಳುವಾದ ತಿಂಗಳು ಅರ್ಧ ಕಚೇರಿ ರಜೆ ಹಾಕಿತು. ಹೊಸ ಮಸಿಡಬ್ಬಿ ಬಂದೊಡನೆ ಎಲ್ಲರೂ ಚೇತರಿಸಿಕೊಂಡರು.

ಆಗಸ್ಟಿನಲ್ಲಿ ಮಳೆಗೆ ನೆನೆದು ಶಂಕರಪ್ಪನವರಿಗೆ ಜ್ವರ ಬಂತು. ಥರ್ಮಾಮೀಟರು ನೂರಾ ಮೂರು ತೋರಿಸಿತು. “ಇವತ್ತ ಆಫೀಸಿಗೆ ಹೋಗೂದು ಆಗಂಗಿಲ್ಲ,” ಎಂದು ನರಳಿದರು. ನೀಲಾಂಬಿಕಾ ಗಾಬರಿಯಾಗಿ ಪ್ರಿಂಟರಿನ ಕೋಣೆಗೆ ಓಡಿದರು. ನಗುತ್ತ ಮರಳಿದರು.

“ನಾಕೂ ಬಣ್ಣ ಬರೋಬರ್ ಅದಾವ್ರಿ. ನಿಮಗೇನೂ ಆಗಿಲ್ಲ. ಜಲ್ದಿ ಏಳ್ರಿ, ಊಟದ ಡಬ್ಬಿ ಕಟ್ಟೀನಿ.”

ಶಂಕರಪ್ಪನವರು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಪ್ಪು ನೋಡಿದರು. ಕೆಂಪು, ಹಳದಿ ನೋಡಿದರು. ನೀಲಿಯನ್ನು ಎರಡು ಸಲ ನೋಡಿದರು.

“ಖರೇ ಐತಿ,” ಎಂದರು. ಅಂಗಿಯ ಗುಂಡಿ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದು, ಹತ್ತು ಗಂಟೆಗೆ ಸರಿಯಾಗಿ ಕಚೇರಿಗೆ ಹಾಜರಾದರು.